ಪಂಡಿತರ ಬೆನ್ನು

ಈಚೆಗೆ ಆಧಾರ್ ಕಾರ್ಡಿನಲ್ಲಿ ವಿಳಾಸ ಸರಿಮಾಡಿಸಲು ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ನನ್ನ ಬೆರಳುಗಳನ್ನು ಆ ಹಸಿರು ದೀಪದ ಗಾಜಿನ ಮೇಲೆ ಇರಿಸಿದಳು, ಒತ್ತಿದಳು, ಬಟ್ಟೆಯಿಂದ ಒರೆಸಿದಳು, ಮತ್ತೆ ಒತ್ತಿದಳು. ಎಡಗೈ ಬೆರಳುಗಳನ್ನೆಲ್ಲ ಮಶಿನ್ನು ಮರ್ಯಾದೆಯಿಂದ ಒಪ್ಪಿಕೊಂಡಿತು. ಬಲಗೈಯ ತೋರುಬೆರಳು ಮತ್ತು ನಡುಬೆರಳನ್ನು ಮಾತ್ರ ಸುತರಾಂ ಒಪ್ಪಲಿಲ್ಲ.

"ಗೆರೆಯೇ ಇಲ್ವಲ್ಲ ಮೇಡಂ, ಎಲ್ಲ ಸವೆದು ಹೋಗಿದೆ. ಎಂತ ಕೆಲಸ ನಿಮ್ದು? ಅಡಿಕೆ ಸುಲೀತೀರಾ?" ಎಂದಳು.

"ಇಲ್ಲಮ್ಮ, ಸಂಗೀತ ಕೇಳ್ತೀನಿ" ಎಂದೆ.

ಅವಳು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಬೆರಳಲ್ಲಾ?" ಎಂದಳು.

ನೀವೂ ನಗಬೇಡಿ, ನಾನು ಹೇಳಿದ್ದರಲ್ಲಿ ಸುಳ್ಳಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರೂ ಕಡೆ ನಾನು ಕೇಳದೆ ಬಿಟ್ಟ ಹಿಂದೂಸ್ತಾನಿ ಕಛೇರಿ ಕಡಿಮೆ. ಆದರೆ ಬಹುಪಾಲು ಕೇಳಿದ್ದು ವೇದಿಕೆಯ ಮೇಲೆ ಕೂತು, ಹಾಡುವವರ ಬೆನ್ನ ಹಿಂದೆ, ತಂಬೂರಿ ಮೀಟುತ್ತಾ. ನಾಲ್ಕು ತಂತಿಗಳನ್ನು ಎರಡು ಬೆರಳಿನಿಂದ ಒಂದಾದ ಮೇಲೊಂದು ಎಳೆಯುತ್ತಲೇ ಇರಬೇಕು, ಹಾಡು ಮುಗಿಯುವ ತನಕ. ವರ್ಷಗಟ್ಟಲೆ ಹಾಗೆ ಎಳೆದರೆ ಸರ್ಕಾರಕ್ಕೆ ತೋರಿಸಲು ಗೆರೆ ಎಲ್ಲಿಂದ ಉಳಿಯಬೇಕು?

ನಾನಾಗಿ ಬಯಸಿ ಹಿಂದೆ ಕೂತವಳಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದ ಕಾಲದಲ್ಲಿ ಸಂಜೆ ಹೊತ್ತು ಸಾಗರದ ಸಂಗೀತ ಮೇಷ್ಟ್ರೊಬ್ಬರ ಬಳಿ ಹಾಡು ಕಲಿಯಲು ಹೋಗುತ್ತಿದ್ದೆ. ಅವರು ಬಹಳ ತಾಳ್ಮೆಯ ಮನುಷ್ಯ. ಎರಡು ವರ್ಷ ಸುಮ್ಮನಿದ್ದು ಒಂದು ದಿನ ಕನ್ನಡಕ ತೆಗೆದು ಕೆಳಗಿಟ್ಟರು.

"ಸುಮತಿ, ನಿನಗೆ ಶ್ರುತಿ ಚೆನ್ನಾಗಿ ಕೇಳಿಸ್ತದೆ. ಬೇರೆಯವರು ತಪ್ಪಿದ್ರೆ ನಿನಗೆ ತಕ್ಷಣ ಗೊತ್ತಾಗ್ತದೆ. ನೀನು ತಪ್ಪಿದ್ರೆ ಊರಿಗೆಲ್ಲ ಗೊತ್ತಾಗ್ತದೆ. ಹಾಡೋದು ಬಿಡು, ತಂಬೂರಿ ಹಿಡಿ."

ಬೇಜಾರಾಗಲಿಲ್ಲವೇ ಎಂದರೆ ಆಯಿತು. ಮನೆಗೆ ಬಂದು ಒಗೆಯುವ ಕಲ್ಲಿನ ಮೇಲೆ ಕೂತು ಚೆನ್ನಾಗಿ ಅತ್ತೆ. ಅತ್ತಿದ್ದೂ ಅಪಶ್ರುತಿಯಲ್ಲೇ ಇತ್ತೆಂದು ನನಗೇ ಕೇಳಿಸಿತು, ಅಲ್ಲಿಗೆ ಮೇಷ್ಟ್ರು ಹೇಳಿದ್ದು ಸರಿಯೆಂದು ಒಪ್ಪಿಕೊಂಡೆ.

ಆಮೇಲೆ ಸಂಗೀತ ಸಭಾದ ಕಾರ್ಯದರ್ಶಿ ಶ್ರೀಪಾದಣ್ಣ ನನ್ನನ್ನು ಹಿಡಿದುಕೊಂಡರು. ಇವರು ಒಂದು ಕಡೆ ಕೂತವರಲ್ಲ. ಕಛೇರಿ ಶುರುವಾದರೆ ಮೈಕಿನವನ ಹತ್ತಿರ ಒಮ್ಮೆ, ಚಹಾದವನ ಹತ್ತಿರ ಒಮ್ಮೆ, ಹೂವಿನ ಹಾರದ ಹತ್ತಿರ ಒಮ್ಮೆ ಓಡಾಡುತ್ತಲೇ ಸಂಗೀತ ಸೇವೆ ಮಾಡುವವರು. ಹೊರಗಿನಿಂದ ಬರುವ ಗಾಯಕರು ತಬಲಾದವರನ್ನು ಕರೆತಂದರೆ ಹೆಚ್ಚು, ತಂಬೂರಿಗೆ ಊರಿನವರೇ ಆಗಬೇಕು. "ಎಂತ ಕಷ್ಟ ಸುಮತಕ್ಕ? ನಾಕು ತಂತಿ, ಎರಡು ಬೆರಳು. ಎಲ್ಲರಿಗಿಂತ ಮುಂದೆ ಸೀಟು!" ಎಂದು ಶ್ರೀಪಾದಣ್ಣ ಪುಸಲಾಯಿಸಿದರು. ಎಲ್ಲರಿಗಿಂತ ಮುಂದೆ ಎಂಬುದು ನಿಜವೇ. ಹಾಡುವವರ ಹಿಂದೆ ಎನ್ನುವುದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ತಂಬೂರಿಯವರ ಬಾಳು ಎಂಥದ್ದು ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಕೆಮ್ಮುವ ಹಾಗಿಲ್ಲ. ಮೂಗಿನ ಮೇಲೆ ನೊಣ ಕೂತರೆ ಅದಾಗಿ ಏಳುವ ತನಕ ಕಾಯಬೇಕು. ತಲೆದೂಗಬಹುದು, ಆದರೆ ಮಿತಿಯಲ್ಲಿ. ಜಾಸ್ತಿ ತೂಗಿದರೆ "ಇವಳೇನು ತಾನೇ ಹಾಡಿದ ಹಾಗೆ ಆಡ್ತಾಳಪ್ಪ" ಎಂದು ಜನ ಹೇಳುತ್ತಾರೆ, ಕಡಿಮೆ ತೂಗಿದರೆ ನಿದ್ದೆ ಎನ್ನುತ್ತಾರೆ. ಒಮ್ಮೆ ಗಾಯಕರೊಬ್ಬರ ಜುಬ್ಬಾದ ಕಾಲರಿನಿಂದ ಲಾಂಡ್ರಿಯವರ ಚೀಟಿ ಹೊರಗೆ ಇಣುಕುತ್ತಿತ್ತು. ಅವರು ತಾನ್ ಹೊಡೆದಾಗಲೆಲ್ಲ ಚೀಟಿ ಪಟಪಟ ಎನ್ನುತ್ತಿತ್ತು. ಅದನ್ನು ಒಳಗೆ ತುರುಕಬೇಕೆಂಬ ಆಸೆಯಲ್ಲಿ ನನಗೆ ಆ ಕಛೇರಿ ಪೂರ್ತಿ ಕೈ ತುರಿಸಿತು. ಅವತ್ತು ಅವರು ಹಾಡಿದ ರಾಗ ಇವತ್ತಿಗೂ ನೆನಪಾಗುವುದಿಲ್ಲ. ಚೀಟಿ ಗುಲಾಬಿ ಬಣ್ಣದ್ದು.

ಕುತ್ತಿಗೆಗಳ ವಿಷಯ ಕೇಳಿ, ಹೇಳುತ್ತೇನೆ. ಕೆಲವರ ಕುತ್ತಿಗೆ ತಾರಸ್ಥಾಯಿಗೆ ಹೋಗುವ ಮೊದಲೇ ಕೆಂಪಾಗುತ್ತದೆ. ಕೆಲವರಿಗೆ ಹೆದರಿಕೆಯಾದರೆ ಮೊದಲು ಬೆವರುವುದು ಕಿವಿಯ ಹಿಂದೆ. ಪತ್ರಿಕೆಯಲ್ಲಿ ಕಛೇರಿಯ ಫೋಟೋ ಬಂದಾಗ ಗಾಯಕರ ಹೆಗಲಾಚೆ ಅರ್ಧ ಕೆನ್ನೆ, ಒಂದು ಓಲೆ ಕಂಡರೆ ಅದು ನಾನು ಎಂದು ತಿಳಿಯಬೇಕು. ನನ್ನ ಬಲಗಿವಿ ನಮ್ಮ ಜಿಲ್ಲೆಯಲ್ಲಿ ಸಾಕಷ್ಟು ಪ್ರಸಿದ್ಧವಾಗಿದೆ.

ಸನ್ಮಾನವೂ ಆಗಿದೆ ಮತ್ತೆ. ತೀರ್ಥಹಳ್ಳಿಯಲ್ಲಿ ಒಮ್ಮೆ ಕಛೇರಿಗೆ ಮೊದಲೇ ಕಲಾವಿದರಿಗೆಲ್ಲ ಶಾಲು, ಪೇಟ ತೊಡಿಸುವ ಏರ್ಪಾಡು ಮಾಡಿದ್ದರು. ನಾನು ಆಗಷ್ಟೇ ಹರಸಾಹಸಪಟ್ಟು ಶ್ರುತಿ ಸೇರಿಸಿಕೊಂಡು, ತಂಬೂರಿಯನ್ನು ತಬ್ಬಿಕೊಂಡು ಕೂತಿದ್ದೆ. ಕೆಳಗಿಟ್ಟರೆ ಬಿರಡೆ ಅಲುಗಿ ಎಲ್ಲ ಹಾಳು. ಮುಖ್ಯ ಅತಿಥಿಗಳು ಶಾಲು ಹಿಡಿದು ಬಂದರು, ನನ್ನ ಹೆಗಲು ಎಲ್ಲಿ ಮುಗಿಯುತ್ತದೆ, ತಂಬೂರಿ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗದೆ ಇಬ್ಬರಿಗೂ ಸೇರಿಸಿ ಹೊದಿಸಿದರು. ನನ್ನ ತಲೆ ಒಳಗೆ ಹೋಯಿತು. ಪೇಟವನ್ನು ಮೇಲೆ ಕಂಡದ್ದಕ್ಕೆ ಇಟ್ಟರು, ಅಂದರೆ ತಂಬೂರಿಯ ಬಿರಡೆಗಳಿಗೆ. ಫೋಟೋದವನು "ಮೇಡಂ, ಸ್ವಲ್ಪ ನಗಿ" ಎಂದಾಗ ಶಾಲಿನ ಒಳಗಿನಿಂದಲೇ ನಕ್ಕೆ. ತಂಬೂರಿಗೆ ಪೇಟ ಚೆನ್ನಾಗಿ ಒಪ್ಪುತ್ತಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು.

ಇದಕ್ಕಿಂತ ಚೆಂದದ್ದು ಹೊಸನಗರದ ಕಡೆ, ರಿಪ್ಪನ್‌ಪೇಟೆಗೆ ಹೋಗುವ ದಾರಿಯಲ್ಲಿ ನಮ್ಮ ನೆಂಟರ ಮನೆಯ ಗೃಹಪ್ರವೇಶದಲ್ಲಿ ನಡೆದದ್ದು. ನಾವು ಜೈನರು, ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕು. ಮೂರು ಗಂಟೆಗೆ ಬರಬೇಕಿದ್ದ ತರುಣ ಗಾಯಕರು ಕಾರು ಕೆಟ್ಟು ತಡವಾಗಿ ಬಂದರು. ಅವರಿಗೆ ನಮ್ಮ ಊಟದ ಪದ್ಧತಿ ಗೊತ್ತಿರಲಿಲ್ಲ, ಗಡಿಬಿಡಿಯಲ್ಲಿ ಯಾರೂ ಹೇಳಲಿಲ್ಲ. ಅವರು ನಿಧಾನವಾಗಿ ಆಲಾಪ ಶುರುಮಾಡಿದರು. ಅಂಗಳದಲ್ಲಿ ಬಿಸಿಲು ಓರೆಯಾಗತೊಡಗಿತು. ಮೊದಲು ಅಜ್ಜಂದಿರ ಸಾಲು ಎದ್ದಿತು. ಆಮೇಲೆ ಹೆಂಗಸರು. ಆಮೇಲೆ ಮನೆಯ ಯಜಮಾನರೇ ಕೈಮುಗಿದು, ಬಗ್ಗಿ, ಗೋಡೆ ಬದಿಯಿಂದ ಜಾರಿಕೊಂಡರು. ಗಾಯಕರ ಕಿವಿಯ ಹಿಂದೆ ಬೆವರು ಕಂಡಿತು. ಪಾಪ, ತನ್ನ ಹಾಡು ಹಿಡಿಸಲಿಲ್ಲ ಎಂದುಕೊಂಡು ಇನ್ನೂ ಜೋರಾಗಿ, ಇನ್ನೂ ವಿಸ್ತಾರವಾಗಿ ಹಾಡತೊಡಗಿದರು. ಅವರು ನಿಲ್ಲಿಸದೆ ನಾನು ಏಳುವಂತಿಲ್ಲ. ಒಳಗಿನಿಂದ ಒಗ್ಗರಣೆಯ ಪರಿಮಳ ಬರುತ್ತಿದೆ, ಕಿಟಕಿಯಾಚೆ ಸೂರ್ಯ ಇಳಿಯುತ್ತಿದ್ದಾನೆ, ನನ್ನ ಬೆರಳು ತಂತಿಯ ಮೇಲೆ, ಕಣ್ಣು ಕಿಟಕಿಯ ಮೇಲೆ. ಕತ್ತಲಾಗುವ ಹೊತ್ತಿಗೆ ಎಲ್ಲರೂ ಉಂಡು, ತೃಪ್ತಿಯಾಗಿ, ವಾಪಸು ಬಂದು ಕೂತು ತಲೆದೂಗಿದರು. ಕಛೇರಿ ಮುಗಿದ ಮೇಲೆ ಗಾಯಕರು ನನ್ನ ಕಡೆ ತಿರುಗಿ, "ನೋಡಿದ್ರಾ ಮೇಡಂ, ಎದ್ದು ಹೋದೋರನ್ನೆಲ್ಲ ವಾಪಸ್ ಕರೆಸಿಕೊಂಡೆ!" ಎಂದರು. ಆ ಸಂತೋಷ ಯಾಕೆ ಕೆಡಿಸಲಿ ಎಂದು ತಲೆದೂಗಿದೆ. ಅವರಿಗೆಂದು ಊಟ ಎತ್ತಿಟ್ಟಿದ್ದರು. ನಾನು ಬೆಳಗಿನ ತನಕ ಉಪವಾಸ.

ಇವೆಲ್ಲ ಇರಲಿ. ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಇದ್ದದ್ದು ಒಂದೇ ವಿಷಯ, ಅದು ನಮ್ಮ ಪಂಡಿತರ ಮುಖ.

ಪಂಡಿತರು ಧಾರವಾಡದ ಕಡೆಯವರು. ಹೆಚ್ಚುಕಡಿಮೆ ಪ್ರತಿವರ್ಷ ಸಾಗರಕ್ಕೆ ಬರುತ್ತಿದ್ದರು, ಪ್ರತಿವರ್ಷ ನಾನೇ ತಂಬೂರಿ. ಅವರ ತಲೆಗೂದಲು ಕಪ್ಪಿದ್ದದ್ದು, ಕಪ್ಪು ಮಾಡಿಕೊಂಡದ್ದು, ಆಮೇಲೆ ಸಾಕೆಂದು ಬೆಳ್ಳಗೆ ಬಿಟ್ಟದ್ದು, ಎಲ್ಲವನ್ನೂ ಹಿಂದಿನಿಂದ ಕಂಡಿದ್ದೇನೆ. ವೇದಿಕೆ ಇಳಿದರೆ ಅವರದು ಸಾಧಾರಣ ಮುಖ, ಬಸ್ಸಿಗೆ ಕಾಯುವವರ ಮುಖ. ಹಾಡುವಾಗಿನ ಮುಖ ಮಾತ್ರ ಬೇರೆಯಂತೆ. ಅದರಲ್ಲೂ ಮುಲ್ತಾನಿ ರಾಗ ಹಾಡುವಾಗ. ಅದು ಇಳಿಹೊತ್ತಿನ ರಾಗ. ಅದರ ಗಾಂಧಾರ ಸ್ವರವಂತೂ ಸುಲಭಕ್ಕೆ ಸಿಗುವಂಥದಲ್ಲ, ಮೇಲಿನಿಂದ ಜಾರುತ್ತಾ ಬಂದು ಹುಷಾರಾಗಿ ಮುಟ್ಟಬೇಕು. "ಪಂಡಿತರು ಗಾಂಧಾರಕ್ಕೆ ಇಳೀತಾರಲ್ಲ, ಆಗ ಅವರ ಮುಖ ನೋಡ್ಬೇಕು!" ಎಂದು ಕೆಳಗೆ ಕೂತವರೆಲ್ಲ ಪ್ರತಿಸಲ ನನಗೆ ಬಂದು ಹೇಳುವುದು. ನನಗೇ! ಮೊಬೈಲಿನಲ್ಲಿ ನೋಡಬಹುದಲ್ಲ ಎನ್ನುತ್ತೀರಿ. ನೋಡಿದೆ. ಅಂಗೈಯಗಲದ ಪರದೆ, ಅದರಲ್ಲಿ ಮುಖಕ್ಕೆ ಅಡ್ಡ ಮೈಕು.

ನಮ್ಮ ಯಜಮಾನರು ಧರಣೇಂದ್ರಯ್ಯನವರಿಗೆ ಇದು ದೊಡ್ಡ ತಮಾಷೆ. ಅವರದು ಹಾರ್ಡ್‌ವೇರ್ ಅಂಗಡಿ. ಪೈಪು ತಟ್ಟಿ ಎಲ್ಲಿ ಬಿರುಕಿದೆ ಎಂದು ಹೇಳುತ್ತಾರೆ, ಷಡ್ಜ ಎಂದರೆ ಯಾವ ಕಂಪನಿಯದು ಎನ್ನುತ್ತಾರೆ. ನನ್ನನ್ನು ಸ್ಕೂಟರಿನಲ್ಲಿ ಸಭಾಭವನಕ್ಕೆ ಬಿಟ್ಟು, ಮುಗಿದ ಮೇಲೆ ಕರೆದೊಯ್ಯುವುದಷ್ಟೇ ಅವರ ಸಂಗೀತ. "ಇಷ್ಟು ವರ್ಷದಿಂದ ಪಂಡಿತರು ಪಂಡಿತರು ಅಂತೀಯ, ಹೇಗೆ ಹಾಡ್ತಾರೆ ಅಂತ ಕೇಳಿದ್ರೆ ಕುತ್ತಿಗೆ ವರ್ಣನೆ ಮಾಡ್ತೀಯಲ್ಲ ಮಾರಾಯ್ತಿ" ಎಂದು ಛೇಡಿಸುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಈ ವರ್ಷ ಶ್ರೀಪಾದಣ್ಣ ಫೋನ್ ಮಾಡಿ, "ಪಂಡಿತರಿಗೆ ಮಂಡಿ ನೋವಂತೆ, ಚಕ್ಕಳಮಕ್ಕಳ ಹಾಕಿ ಕೂರೋದು ಬೇಡ ಅಂದಿದಾರಂತೆ ಡಾಕ್ಟ್ರು. ಸಾಗರಕ್ಕೆ ಬರೋದು ಇದೇ ಕೊನೆ" ಎಂದರು.

"ಹಾಗಾದ್ರೆ ಈ ಸಲ ನಾನು ಕೆಳಗೆ" ಎಂದೆ. ನನ್ನ ದನಿಯಲ್ಲಿ ಏನಿತ್ತೋ, ಅವರು ವಾದ ಮಾಡಲಿಲ್ಲ. "ಆಯ್ತು ಸುಮತಕ್ಕ, ಮೊಬೈಲಲ್ಲೇ ತಂಬೂರಿ ಬಂದಿದ್ಯಲ್ಲ ಈಗ. ಅದನ್ನೇ ಸ್ಪೀಕರಿಗೆ ಹಾಕಿದ್ರಾತು" ಎಂದರು.

ಒಳ್ಳೆಯ ಸೀರೆ ಉಟ್ಟೆ. ಕನ್ನಡಕ ತೊಳೆದೆ. ಯಜಮಾನರು ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ, "ನೀನು ಮುಖ ನೋಡೋದನ್ನ ನಾನು ನೋಡ್ಬೇಕು" ಎಂದು ಜೊತೆಗೆ ಹೊರಟರು. ಮುಂದಿನ ಸಾಲಿನ ನಟ್ಟನಡುವೆ ಇಬ್ಬರೂ ಮದುಮಕ್ಕಳ ಹಾಗೆ ಕೂತೆವು. ಪಂಡಿತರು ಬಂದರು, ಮೊಣಕಾಲು ಹಿಡಿದುಕೊಂಡು ಕೂತರು. ಶ್ರೀಪಾದಣ್ಣ ಮೊಬೈಲ್ ಒತ್ತಿದರು. ಸ್ಪೀಕರಿನಿಂದ ತಂಬೂರಿ ಹೊರಟಿತು. ಪಂಡಿತರು ತುಸು ಹೊತ್ತು ಕಿವಿಗೊಟ್ಟು ಕೇಳಿದರು.

"ಶ್ರೀಪಾದರಾಯರ, ಇದನ್ನ ಬಂದ್ ಮಾಡ್ರಿ" ಎಂದರು ಮೈಕಿನಲ್ಲೇ. "ಇದು ಭಾಳ ಶಾಣ್ಯಾ ಅದ, ನನಗ ಅಂಜಿಕಿ ಬರ್ತದ. ನಮ್ಮ ತಂಬೂರಿ ತಾಯಿ ಎಲ್ಲಿ ಅದಾರ?"

ಚಪ್ಪಲಿ ಹುಡುಕುವವಳ ಹಾಗೆ ಕುರ್ಚಿಯ ಕೆಳಗೆ ಬಗ್ಗಿದೆ. ಶ್ರೀಪಾದಣ್ಣ ಒಳ್ಳೆಯವರು, ಮಾತು ಕೊಟ್ಟಿದ್ದಕ್ಕೆ ಸೀಲಿಂಗ್ ಫ್ಯಾನ್ ನೋಡುತ್ತಾ ನಿಂತರು. ಆದರೆ ಕಟ್ಟಿಕೊಂಡ ಗಂಡ ಬಿಡಬೇಕಲ್ಲ! ಹೆಂಡತಿಯನ್ನು ಪಂಡಿತರು ಮೈಕಿನಲ್ಲೇ ಕೇಳಿದರೆಂಬ ಹೆಮ್ಮೆಯಲ್ಲಿ ಎದ್ದು ನಿಂತು, ಲಾರಿಯವರನ್ನು ಕೂಗುವ ಗಂಟಲಿನಲ್ಲಿ, "ಇಲ್ಲಿದ್ದಾಳೆ! ಇಲ್ಲೇ ಇದ್ದಾಳೆ!" ಎಂದುಬಿಟ್ಟರು. ಸಭೆ ಚಪ್ಪಾಳೆ ತಟ್ಟಿತು. ಒಳಗಿನಿಂದ ತಂಬೂರಿ ಬಂತು. ನಾನು ಮತ್ತೆ ಅದೇ ಬೆನ್ನಿನ ಹಿಂದೆ.

ಪಂಡಿತರು ಮುಲ್ತಾನಿಯನ್ನೇ ಎತ್ತಿಕೊಂಡರು. ನನ್ನ ಗ್ರಹಚಾರ ನೋಡಿ. ಗಾಂಧಾರಕ್ಕೆ ಇಳಿಯುವ ಹೊತ್ತಿಗೆ ನನಗೆ ಕಾಣಿಸಿದ್ದು ಎಂದಿನಂತೆ ಜನರ ಮುಖ, ಅದರ ನಡುವೆ ನಮ್ಮ ಯಜಮಾನರದು. ಬಾಯಿ ತೆರೆದುಕೊಂಡಿತ್ತು. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು. ಷಡ್ಜ ಯಾವ ಕಂಪನಿಯದು ಎಂದು ಕೇಳುವ ಈ ಮನುಷ್ಯನಿಗೆ ಮೊದಲ ದಿನವೇ ಆ ಮುಖ ಸಿಕ್ಕಿತು, ಬೆರಳು ಸವೆಸಿಕೊಂಡ ನನಗೆ ಮಾತ್ರ ಜುಬ್ಬಾದ ಹೊಲಿಗೆ! ಅಷ್ಟು ಹೊಟ್ಟೆಕಿಚ್ಚು ನನಗೆ ಯಾರ ಮೇಲೂ ಬಂದದ್ದಿಲ್ಲ.

ಚಹಾ ವಿರಾಮದಲ್ಲಿ ಅವರು ಓಡಿ ಬಂದರು. "ಸುಮತಿ, ಆ ಮುಖ ನೋಡ್ಬೇಕಿತ್ತು ಕಣೇ..."

"ಮಾತಾಡ್ಬೇಡಿ ನನ್ನ ಹತ್ರ" ಎಂದೆ. ಅವರು ಕೇಸರಿಬಾತಿನ ತಟ್ಟೆ ಹಿಡಿದುಕೊಂಡು ಹಾಗೇ ನಿಂತರು, ಮಾಡಿದ್ದೇನೆಂದು ಆಗ ತಿಳಿಯಿತು ಅವರಿಗೆ.

ನಾನು ನೆಟ್ಟಗೆ ಶ್ರೀಪಾದಣ್ಣನ ಬಳಿ ಹೋದೆ. "ಇನ್ನರ್ಧಕ್ಕೆ ನಾನು ಕೂರಲ್ಲ."

"ಎಂತ ಹೇಳ್ತಿ ಮಾರಾಯ್ತಿ! ಈಗ ಯಾರನ್ನ ತರ್ಲಿ ನಾನು?"

"ನಾಕು ತಂತಿ, ಎರಡು ಬೆರಳು. ಎಲ್ಲರಿಗಿಂತ ಮುಂದೆ ಸೀಟು. ನೀವೇ ಕೂತ್ಕೊಳ್ಳಿ."

"ನಾನಾ? ಚಹಾದವನನ್ನ ಯಾರು ನೋಡ್ಕೊಳ್ಳೋದು?"

"ಅವನು ನಿಮ್ಮಂಥ ಹತ್ತು ಜನನ್ನ ನೋಡ್ಕೊಂಡಿದಾನೆ. ಬನ್ನಿ."

ಪರದೆಯ ಹಿಂದೆ ಕೂರಿಸಿ ಕಲಿಸಿದೆ. ನಡುಬೆರಳಿನಿಂದ ಒಂದು, ತೋರುಬೆರಳಿನಿಂದ ಮೂರು, ಅವಸರ ಬೇಡ, ನಿಲ್ಲಿಸಬೇಡಿ. ಅವರ ಹೆಂಡತಿ ಸಾವಿತ್ರಕ್ಕ ಇಣುಕಿ ನೋಡಿ ಬಾಯಿಗೆ ಸೆರಗು ಒತ್ತಿಕೊಂಡರು. "ನಗಡ ಮಾರಾಯ್ತಿ, ಕಾಲು ಈಗ್ಲೇ ಜೋಂ ಹಿಡತ್ತು, ಎಂಗೆ ಎದ್ದು ನಿಲ್ಲಲೇ ಆಗ್ತಿಲ್ಲೆ" ಎಂದರು ಶ್ರೀಪಾದಣ್ಣ, ಮನೆಮಾತಿನಲ್ಲಿ. ಇನ್ನೂ ವೇದಿಕೆಗೇ ಹೋಗಿರಲಿಲ್ಲ.

ಪರದೆ ಸರಿಯಿತು. ಪಂಡಿತರು ಹಿಂದೆ ತಿರುಗಿ ನೋಡಿದರು, ತಂಬೂರಿಯನ್ನು ಹಾವು ಹಿಡಿದವರ ಹಾಗೆ ಹಿಡಿದಿದ್ದ ಶ್ರೀಪಾದಣ್ಣ ಕಂಡರು. ಮುಂದೆ ತಿರುಗಿದರು, ನಾನು ಕಂಡೆ.

"ಯಾಕ್ರೀ ತಾಯಿ, ಅಲ್ಲಿ ಕುಂತೀರಿ?"

ಎದ್ದು ಕೈಮುಗಿದೆ. ವಿನಯವಾಗಿ ಏನಾದರೂ ಹೇಳಬೇಕೆಂದುಕೊಂಡಿದ್ದೆ, ಬಾಯಿಗೆ ಬಂದದ್ದು ಬೇರೆಯೇ. "ಪಂಡಿತರೇ, ತಪ್ಪು ತಿಳ್ಕೋಬೇಡಿ. ಇಷ್ಟು ವರ್ಷ ನಿಮ್ಮ ಬೆನ್ನು ನೋಡಿ ಸಾಕಾಗಿದೆ."

ಸಭೆ ಗೊಳ್ಳೆಂದು ನಕ್ಕಿತು. ಪಂಡಿತರು ನಗಲಿಲ್ಲ. ನನ್ನನ್ನೇ ನೋಡಿದರು, ಆಮೇಲೆ ಮೆಲ್ಲಗೆ, "ಹೌದಲ್ಲಾ..." ಎಂದರು. "ನಾ ಒಮ್ಮಿನೂ ವಿಚಾರ ಮಾಡಿದ್ದಿಲ್ಲ ನೋಡ್ರಿ. ಹೇಳ್ರಿ ತಾಯಿ, ಏನ್ ಹಾಡ್ಲಿ ನಿಮಗ?"

"ಮುಲ್ತಾನಿ."

"ಈಗರೆ ಹಾಡಿದೆನಲ್ರೀ!"

"ಹಾಡಿದ್ರಿ. ಈ ಕಡೆ ಕೂತೋರಿಗೆ ಹಾಡಿದ್ರಿ."

ಹಿಂದಿನ ಸಾಲಿನಲ್ಲಿ ಯಾರೋ "ಅಯ್ಯೋ, ಭಜನೆ ಹಾಡ್ಸಿ" ಎಂದು ಗೊಣಗಿದರು. ಪಂಡಿತರು ವಾಚು ನೋಡಿಕೊಂಡು, "ಅದರ ಹೊತ್ತು ಮುಗೀಲಿಕ್ಕೆ ಬಂತಲ್ರೀ" ಎಂದು ಅನುಮಾನಿಸಿದರು. ಪಕ್ಕದಲ್ಲಿ ಕುರ್ಚಿ ಸರಿದ ಸದ್ದು. ನಮ್ಮ ಯಜಮಾನರು ಬಾಗಿಲ ತನಕ ಹೋಗಿ, ಹೊರಗೆ ಇಣುಕಿ, ಅದೇ ಲಾರಿ ಕೂಗುವ ಗಂಟಲಿನಲ್ಲಿ, "ಇನ್ನೂ ಬಿಸಿಲಿದೆ ಸ್ವಾಮೀ!" ಎಂದರು. ಅವರನ್ನು ಅಲ್ಲೇ ಕ್ಷಮಿಸಿಬಿಟ್ಟೆ.

ಪಂಡಿತರು ಹಾಡಿದರು. ನಾನು ನೋಡಿದೆ. ಮೊದಮೊದಲು ಒಂದು ಹುಬ್ಬು ಮಾತ್ರ ಮೇಲೆ ಹೋಗಿ ಕೂತಿತು, ತುಟಿ ಒಂದು ಕಡೆ ಎಳೆದುಕೊಂಡಿತು. ಹಲ್ಲು ನೋವಿನವರ ಹಾಗೆ ಕಾಣುತ್ತಾರಲ್ಲ, ಇಷ್ಟೇನಾ ಎಂದುಕೊಂಡೆ. ಆಮೇಲೆ ಮಧ್ಯಮದಿಂದ ಜಾರುತ್ತಾ ಜಾರುತ್ತಾ ಗಾಂಧಾರಕ್ಕೆ ಬಂದರು. ಅಳುವ ಮಗುವನ್ನು ಎತ್ತಿಕೊಂಡು, ಅದು ಸುಮ್ಮನಾದ ಕ್ಷಣದಲ್ಲಿ ಎತ್ತಿಕೊಂಡವರ ಮುಖ ಹೇಗಿರುತ್ತದೆ, ಹಾಗಿತ್ತು ಆ ಮುಖ. ಆ ಸ್ವರವನ್ನು ನಾನು ಎಷ್ಟು ಸಲ ಕೇಳಿದ್ದೆ, ಅದು ಹುಟ್ಟುವುದು ಇಲ್ಲಿಂದ ಎಂದು ಗೊತ್ತಿರಲಿಲ್ಲ. ನಾನು ಅತ್ತೆ. ಶ್ರುತಿ, ಅಪಶ್ರುತಿ ಯಾವುದನ್ನೂ ನೋಡದೆ ಅತ್ತೆ. ಹಿಂದೆ ಶ್ರೀಪಾದಣ್ಣ ಮೂರನೇ ತಂತಿಯನ್ನು ಆಗಾಗ ಮರೆಯುತ್ತಿದ್ದರು, ಅದೂ ನನಗೆ ಕೇಳಿಸಲಿಲ್ಲ.

ಹಾಡು ನಿಂತಿತು. ಶ್ರೀಪಾದಣ್ಣ ಕಾಲು ಬಿಡಿಸಿಕೊಳ್ಳಲು ತಂಬೂರಿಯನ್ನು ಆಗಲೇ ಪಕ್ಕಕ್ಕೆ ವಾಲಿಸತೊಡಗಿದ್ದರು. ಪಂಡಿತರು ಮಂಡಿ ಸವರಿಕೊಳ್ಳುತ್ತಾ ನನ್ನ ಕಡೆ ನೋಡಿ ನಕ್ಕರು.

"ಸಾಕೇನ್ರೀ ತಾಯಿ?"

ಇಡೀ ಸಭೆ ನನ್ನ ಕಡೆ ತಿರುಗಿತು.

"ಸಾಲ್ದು" ಎಂದೆ.